ಎಡಗಾಲಿಗೆ ತೆಂಗಿನೆಣ್ಣೆ, ಬಲಗಾಲಿಗೆ ವ್ಯಾಸಲೀನ್: ಮಗಳ ಇಸುಬಿಗೆ ನಾವು ಮಾಡಿ ನೋಡಿದ್ದು

ಮಗಳಿಗೆ ಮೂರು ತಿಂಗಳು ತುಂಬುವಾಗ ಕೆನ್ನೆ ಕೆಂಪಾಯಿತು. ಐದನೇ ತಿಂಗಳಿಗೆ ನೆತ್ತಿ, ಮೊಣಕೈ, ಮೊಣಕಾಲು, ಪಾದದ ಗಂಟಿನ ತನಕ ಹಬ್ಬಿತ್ತು. ಡೈಪರ್ ಕಟ್ಟುವ ಜಾಗವೊಂದು ಬಿಟ್ಟರೆ ಎಲ್ಲೂ ನುಣುಪು ಚರ್ಮ ಉಳಿದಿರಲಿಲ್ಲ. ರಾತ್ರಿಯೆಲ್ಲ ಕೆನ್ನೆಯನ್ನು ಹಾಸಿಗೆಗೆ ತಿಕ್ಕುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟೆಯ ಮೇಲೆ ರಕ್ತದ ಕಲೆ. ಎಕ್ಸಿಮಾ ಅಂದರು ಡಾಕ್ಟರು, ನಮ್ಮಲ್ಲಿ ಇಸುಬು ಅನ್ನುತ್ತಾರೆ. ಆರನೇ ತಿಂಗಳು ಮುಗಿಯುವಾಗ ಅತ್ತೆ ಒಂದು ಚಮಚ ಮೊಸರನ್ನ ತಿನ್ನಿಸಿದರು, ಬಾಯಿಯ ಸುತ್ತ ದದ್ದು ಎದ್ದು ತುಟಿ ಊದಿತು. ಏಳನೇ ತಿಂಗಳಲ್ಲಿ ಬೇಯಿಸಿದ ಮೊಟ್ಟೆಯ ಒಂದು ಚೂರಿಗೆ ಹತ್ತೇ ನಿಮಿಷದಲ್ಲಿ ವಾಂತಿ, ಮೈತುಂಬ ದದ್ದು.

ನಾವಿರುವುದು ದಾವಣಗೆರೆ, ನನ್ನ ತವರು ಕುಂದಾಪುರ. ಒಂದು ಕಡೆ ಒಣಹವೆ, ಇನ್ನೊಂದು ಕಡೆ ಬೆವರು. ಈ ಎರಡೂವರೆ ವರ್ಷದಲ್ಲಿ ಎರಡೂ ಮನೆಯ ಉಪಾಯಗಳನ್ನು, ಡಾಕ್ಟರು ಹೇಳಿದ್ದನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇವೆ. ನಮ್ಮ ಮಗುವಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಔಷಧಿ, ಆಹಾರದ ವಿಷಯದಲ್ಲಿ ನಿಮ್ಮ ಡಾಕ್ಟರನ್ನು ಕೇಳದೆ ಏನೂ ಬದಲಿಸಬೇಡಿ.

ಎಣ್ಣೆಯೋ, ಮುಲಾಮೋ, ಕ್ರೀಮೋ

ಅಮ್ಮನಿಗೆ ತೆಂಗಿನೆಣ್ಣೆ ಬಿಟ್ಟರೆ ಬೇರೆ ಔಷಧಿಯೇ ಇಲ್ಲ. ಡಾಕ್ಟರು ಬರೆದದ್ದು ಬಿಳಿ ವ್ಯಾಸಲೀನ್. ಜನವರಿಯ ಚಳಿಯಲ್ಲಿ, ದಾವಣಗೆರೆಯಲ್ಲಿ, ಹತ್ತು ದಿನ ಎಡಗಾಲಿಗೆ ಗಾಣದ ತೆಂಗಿನೆಣ್ಣೆ, ಬಲಗಾಲಿಗೆ ವ್ಯಾಸಲೀನ್ ಹಚ್ಚಿದೆ. ಎಣ್ಣೆ ಹಚ್ಚಿದ ಕಾಲು ಒಂದು ಗಂಟೆ ಮಿರಿಮಿರಿ ಮಿಂಚಿ ಮತ್ತೆ ಬಿರಿಯುತ್ತಿತ್ತು. ವ್ಯಾಸಲೀನ್ ಕಾಲು ಬೆಳಗಿನ ತನಕ ಮೆತ್ತಗೆ ಇರುತ್ತಿತ್ತು. ಐದನೇ ದಿನದಿಂದ ಬಲಗಾಲಿನ ಮೇಲೆ ಹೊಸ ಉಗುರುಗೀರು ಕಾಣಲಿಲ್ಲ. ನೀರು ಆರದಂತೆ ಚರ್ಮಕ್ಕೆ ಮುಚ್ಚಳ ಹಾಕುವುದರಲ್ಲಿ ವ್ಯಾಸಲೀನಿನಷ್ಟು ಗಟ್ಟಿ ಬೇರೆ ಇಲ್ಲ.

ಆದರೆ ಅದೇ ವ್ಯಾಸಲೀನನ್ನು ಮೇ ತಿಂಗಳಲ್ಲಿ ಕುಂದಾಪುರದಲ್ಲಿ ಹಚ್ಚಿದಾಗ ಮೂರೇ ದಿನಕ್ಕೆ ಬೆನ್ನು, ಕುತ್ತಿಗೆ ತುಂಬ ಬೆವರುಸಾಲೆ. ಅಲ್ಲಿ ಅಮ್ಮನ ತೆಂಗಿನೆಣ್ಣೆಯೇ ಗೆದ್ದಿತು. ಫಿಲಿಪೈನ್ಸ್‌ನಲ್ಲಿ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಮಿನರಲ್ ಆಯಿಲ್‌ಗಿಂತ (ಪೆಟ್ರೋಲಿಯಂನಿಂದ ತೆಗೆಯುವ ಎಣ್ಣೆ) ತೆಂಗಿನೆಣ್ಣೆ ಹೆಚ್ಚು ಗುಣ ಕೊಟ್ಟಿತ್ತು. ಆ ಮಕ್ಕಳದ್ದು ಸಾಧಾರಣ ಇಸುಬು. ನನ್ನ ಮಗಳದ್ದು ತೀವ್ರ, ಅದಕ್ಕೆ ಎಣ್ಣೆಯೊಂದೇ ಸಾಲಲಿಲ್ಲ.

ಮೂರನೆಯದು ಸೆರಮೈಡ್, ಅಂದರೆ ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು, ಸೇರಿಸಿದ ಕ್ರೀಮು. ಬೇಗ ಹೀರಿಕೊಳ್ಳುತ್ತದೆ, ಬಟ್ಟೆಗೆ ಅಂಟುವುದಿಲ್ಲ. ಬಿರುಕು ಬಿಟ್ಟ ಚರ್ಮಕ್ಕೆ ಮಾತ್ರ ಉರಿಯುತ್ತಿತ್ತೋ ಏನೋ, ಹಚ್ಚಿದ ಕೂಡಲೇ ಚೀರುತ್ತಿದ್ದಳು. ಬೆಲೆಯೂ ಹೆಚ್ಚು. ಚರ್ಮ ಸ್ವಲ್ಪ ಕೂಡಿಕೊಂಡ ಮೇಲೆ ಹಗಲಿಗೆ ಅದನ್ನೇ ಇಟ್ಟುಕೊಂಡೆವು. ಇಂಗ್ಲೆಂಡಿನಲ್ಲಿ 550 ಮಕ್ಕಳಿಗೆ ಲೋಷನ್, ಕ್ರೀಮು, ಜೆಲ್, ಮುಲಾಮು ಹಂಚಿಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಬಂತು. ಗುಣದಲ್ಲಿ ನಾಲ್ಕರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಡಾಕ್ಟರು ಅದನ್ನೇ ಸರಳವಾಗಿ ಹೇಳಿದರು: "ಯಾವುದನ್ನ ದಿನಾ ನಾಲ್ಕು ಸಲ ಬೇಜಾರಿಲ್ದೆ ಹಚ್ತೀರೋ ಅದೇ ಒಳ್ಳೇದು." ಈಗ ಚಳಿಗಾಲದ ರಾತ್ರಿಗೆ ವ್ಯಾಸಲೀನ್, ಹಗಲಿಗೆ ಕ್ರೀಮು, ತವರಿಗೆ ಹೋದಾಗ ತೆಂಗಿನೆಣ್ಣೆ.

ಬೇಡವೇ ಬೇಡ ಅನ್ನುವುದು ಆಲಿವ್ ಎಣ್ಣೆಗೆ. ದುಬೈನಿಂದ ಬಂದ ಬಾಟಲಿ ಅಂತ ಪ್ರೀತಿಯಿಂದ ಹಚ್ಚಿದೆವು, ಕೆಂಪು ಇನ್ನೂ ಏರಿತು. ಅದರಲ್ಲಿ ಹೆಚ್ಚಾಗಿರುವ ಓಲಿಕ್ ಆಮ್ಲ ಚರ್ಮದ ತಡೆಗೋಡೆಯನ್ನೇ ಸಡಿಲ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ಎಚ್ಚರ: ವ್ಯಾಸಲೀನಿನಂಥ ಮುಲಾಮು ಹೀರಿದ ಬಟ್ಟೆಗೆ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮಗುವನ್ನು ದೀಪ, ಗ್ಯಾಸ್ ಒಲೆ, ಬಚ್ಚಲ ಒಲೆಯ ಹತ್ತಿರ ಬಿಡಬೇಡಿ.

ಕಡಲೆಹಿಟ್ಟೋ, ಸೋಪಿಲ್ಲದ ವಾಷೋ

ಅತ್ತೆ ಮೂರು ಮಕ್ಕಳನ್ನು, ಐದು ಮೊಮ್ಮಕ್ಕಳನ್ನು ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹುಯ್ದು ಬೆಳೆಸಿದವರು. ಗಟ್ಟಿ ಚರ್ಮದ ಮಕ್ಕಳಿಗೆ ಅದು ಸರಿಯೇ ಇರಬಹುದು. ಒಡೆದ ಚರ್ಮದ ಮಾತು ಬೇರೆ. ಬಾಯಿಂದ ಹೊಟ್ಟೆಗೆ ಹೋದ ಆಹಾರಕ್ಕೆ ದೇಹ ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ಒಳಹೊಕ್ಕ ಅದೇ ಆಹಾರವನ್ನು ಶತ್ರು ಅಂದುಕೊಳ್ಳಬಹುದು. ಶೇಂಗಾ ಎಣ್ಣೆ ಇರುವ ಮುಲಾಮು ಹಚ್ಚಿಸಿಕೊಂಡ ಇಸುಬಿನ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚು ಕಂಡದ್ದನ್ನು ಬ್ರಿಟನ್ನಿನ ಗಿಡಿಯನ್ ಲ್ಯಾಕ್ ಮತ್ತು ಜೊತೆಗಾರರು 2003ರಲ್ಲೇ ಬರೆದಿದ್ದರು. ಕಡಲೆಯೂ ಅಲರ್ಜಿ ತರಬಲ್ಲ ಕಾಳೇ. ಇದನ್ನು ಡಾಕ್ಟರ ಎದುರಲ್ಲೇ ಅತ್ತೆಗೆ ಹೇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬ್ಯಾಡ ಬಿಡವ್ವ, ಹಿಟ್ಟು ಅಡುಗೆಗೇ ಇರ್ಲಿ" ಅಂದರು. ಆ ದಿನ ನನಗೆ ಅರ್ಧ ಭಾರ ಇಳಿದ ಹಾಗಾಯಿತು. ಸಾಂಬ್ರಾಣಿ ಹೊಗೆಯೂ ಅಂದೇ ನಿಂತಿತು.

ಈಗ ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ವಾಸನೆಯಿಲ್ಲದ ಸೋಪಿಲ್ಲದ ವಾಷು. ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ ಕ್ರೀಮು. ನೀರಿಗೆ ಹಾಕುವ ದುಬಾರಿ ಸ್ನಾನದೆಣ್ಣೆ ಒಂದು ಬಾಟಲಿ ತಂದಿದ್ದೆವು, ದಂಡ. 2018ರ ಒಂದು ಬ್ರಿಟಿಷ್ ಪ್ರಯೋಗದಲ್ಲೂ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬೋರ್‌ವೆಲ್‌ನ ಗಡಸು ನೀರಿಗೆ ಸಾಫ್ಟನರ್ ಹಾಕಿಸುವ ಯೋಚನೆಯನ್ನೂ ಅಂಥದ್ದೇ ಇನ್ನೊಂದು ಅಧ್ಯಯನದ ಬಗ್ಗೆ ತಿಳಿದ ಮೇಲೆ ಬಿಟ್ಟೆವು.

ಸ್ಟೀರಾಯ್ಡ್: ಹೆದರಿ ಹಚ್ಚಿದ್ದು, ಹೇಳಿದ ಹಾಗೆ ಹಚ್ಚಿದ್ದು

ನಾವು ಅತಿ ಹೆಚ್ಚು ತಪ್ಪಿದ್ದು ಇಲ್ಲೇ. ಮೊದಲ ಡಾಕ್ಟರು ಬರೆದ ಟ್ಯೂಬಿನ ಮೇಲೆ ಸ್ಟೀರಾಯ್ಡ್ ಅನ್ನುವುದನ್ನು ಓದಿ ನಮ್ಮ ಮನೆಯವರು ಎದೆ ಹಿಡಿದುಕೊಂಡರು. ಸಾಸಿವೆಯಷ್ಟು ತೆಗೆದು ಎರಡು ದಿನ ಹಚ್ಚುವುದು, ಸ್ವಲ್ಪ ಬಿಳುಪಾದ ಕೂಡಲೇ ನಿಲ್ಲಿಸುವುದು, ನಾಲ್ಕನೇ ದಿನ ಮೊದಲಿಗಿಂತ ಕೆಂಪಾಗುವುದು. ಹೀಗೆ ಎರಡು ತಿಂಗಳು. ಕೂಸು ರಕ್ತ ಬರುವಂತೆ ಕೆರೆದುಕೊಂಡ ಆ ಎರಡು ತಿಂಗಳು ಬರೀ ನಮ್ಮ ಹೆದರಿಕೆಯಿಂದ ಹೋದವು, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡನೇ ಡಾಕ್ಟರು ಅಳತೆ ತೋರಿಸಿದರು. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬು ಹಿಂಡಿದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಷ್ಟು (ಬೆರಳೂ ಸೇರಿ) ಚರ್ಮಕ್ಕೆ ಅಷ್ಟು ಬೇಕು. ಮುಖಕ್ಕೆ 1% ಹೈಡ್ರೊಕಾರ್ಟಿಸೋನ್, ಮೈಗೆ ಮಧ್ಯಮ ಶಕ್ತಿಯದ್ದು. ಕೆಂಪು ಹೋದರೆ ಸಾಲದು, ಬೆರಳಿಗೆ ನುಣುಪಾಗಬೇಕು, ಆಮೇಲೆ ಇಳಿಸುತ್ತಾ ಬಂದು ವಾರಕ್ಕೆ ಎರಡು ದಿನ. ಹನ್ನೊಂದನೇ ದಿನ ಮಗಳು ಮೊದಲ ಬಾರಿಗೆ ರಾತ್ರಿ ಐದು ಗಂಟೆ ಒಂದೇ ಸಮ ಮಲಗಿದಳು. ನಾನು ಎದ್ದೆದ್ದು ಉಸಿರಾಡುತ್ತಿದ್ದಾಳಾ ಅಂತ ನೋಡಿದೆ.

ಹಾಗಂತ ಹೆದರಿಕೆ ಪೂರ್ತಿ ಸುಳ್ಳಲ್ಲ. ನೆಂಟರೊಬ್ಬರು ಚೀಟಿಯಿಲ್ಲದೆ ತಂದುಕೊಟ್ಟ "ಎರಡೇ ದಿನಕ್ಕೆ ಮಾಯ" ಮುಲಾಮಿನ ಮೇಲೆ ಸಣ್ಣಕ್ಷರದಲ್ಲಿ ಕ್ಲೋಬೆಟಸಾಲ್ ಅಂತ ಇತ್ತು, ಜೊತೆಗೆ ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್. ಅದು ಅತಿ ಪ್ರಬಲ ಸ್ಟೀರಾಯ್ಡ್. ಎಳೆ ಮಗುವಿನ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಔಷಧಿ ರಕ್ತಕ್ಕೂ ಸೇರುತ್ತದೆ. ಹೆದರಬೇಕಾದ ಟ್ಯೂಬನ್ನು ನೆಂಟರು ಕೊಟ್ಟರೆಂದು ಭಕ್ತಿಯಿಂದ ಇಟ್ಟುಕೊಂಡಿದ್ದೆವು, ಹೆದರಬೇಕಿಲ್ಲದ್ದನ್ನು ಕಪಾಟಿನ ಹಿಂದೆ ತಳ್ಳಿದ್ದೆವು.

ಉಲ್ಬಣಿಸಿದ ರಾತ್ರಿಗಳಲ್ಲಿ ಎಲ್ಲಕ್ಕಿಂತ ಬೇಗ ಸಮಾಧಾನ ಕೊಟ್ಟದ್ದು ಒದ್ದೆಬಟ್ಟೆ. ಕ್ರೀಮು ಹಚ್ಚಿ, ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ ತೊಡಿಸಿ, ಮೇಲೊಂದು ಒಣ ಬಟ್ಟೆ. ಡಾಕ್ಟರು ಹೇಳಿಕೊಟ್ಟ ಮೇಲೆಯೇ ಮಾಡಿ. ಗಾಯದಲ್ಲಿ ಹಳದಿ ಹಕ್ಕಳೆ, ಕೀವು, ನೀರುಗುಳ್ಳೆ, ಜ್ವರ ಕಂಡರೆ ಬಟ್ಟೆ ಸುತ್ತದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಎಲ್ಲ ಬಿಡುವುದೋ, ನೋಡಿ ಬಿಡುವುದೋ

ಒಂದು ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಉದ್ದದ ಪಟ್ಟಿ ಬಂತು: ಹಾಲು, ಮೊಟ್ಟೆ, ಗೋಧಿ, ತೊಗರಿ, ಸೋಯಾ, ಇನ್ನೂ ಏನೇನೋ. ಜೊತೆಗೆ ಅತ್ತೆಯ ನಂಜಿನ ಪಟ್ಟಿಯಿಂದ ಬದನೆಕಾಯಿ, ಕುಂಬಳಕಾಯಿ. ಎಲ್ಲವನ್ನೂ ಬಿಟ್ಟೆವು, ಹಾಲೂಡುವ ನಾನೂ ಬಿಟ್ಟೆ. ಆರು ವಾರದಲ್ಲಿ ಮಗುವಿನ ತೂಕ ಒಂದಿಷ್ಟೂ ಏರಲಿಲ್ಲ, ಇಸುಬು ಇದ್ದ ಹಾಗೇ ಇತ್ತು. ಅಲರ್ಜಿ ತಜ್ಞರು ಬಿಡಿಸಿ ಹೇಳಿದರು: ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಕಂಡರೆ ದೇಹ ಆ ಆಹಾರವನ್ನು ಗುರುತಿಸಿದೆ ಅಂತ ಅಷ್ಟೇ, ತಿಂದರೆ ತೊಂದರೆ ಆಗಿಯೇ ತೀರುತ್ತದೆ ಅಂತಲ್ಲ. ಅದರಲ್ಲೂ ಇಸುಬು ಜೋರಾಗಿರುವ ಮಕ್ಕಳಲ್ಲಿ ಪಾಸಿಟಿವ್ ಸುಮ್ಮಸುಮ್ಮನೆ ಬರುತ್ತದೆ. ಬೇಕಿಲ್ಲದೆ ಬಹಳ ಕಾಲ ಬಿಟ್ಟರೆ ಒಗ್ಗಿದ್ದ ಆಹಾರಕ್ಕೂ ನಿಜವಾದ ಅಲರ್ಜಿ ಹುಟ್ಟಬಹುದು.

ಗೋಧಿ, ತೊಗರಿ, ಸೋಯಾ ಒಂದೊಂದಾಗಿ ಅವರ ಎದುರಲ್ಲೇ ತಿನ್ನಿಸಿ ನೋಡಿದರು. ಏನೂ ಆಗಲಿಲ್ಲ. ಉಳಿದದ್ದು ಹಾಲು, ಮೊಟ್ಟೆ ಎರಡೇ. ಹಾಲು ಬಿಟ್ಟ ಮೇಲೆ ದದ್ದು ನಿಂತಿತು. ಚರ್ಮ ವಾಸಿಯಾದದ್ದು ಮಾತ್ರ ಕ್ರೀಮಿನಿಂದ, ಪಥ್ಯದಿಂದಲ್ಲ.

ಶೇಂಗಾ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಶೇಂಗಾ ಅಲರ್ಜಿಯ ಚರ್ಮದ ಚುಚ್ಚು ಪರೀಕ್ಷೆ ನೆಗೆಟಿವ್ ಇದ್ದ ಗುಂಪಿನಲ್ಲಿ ಐದು ವರ್ಷದ ತನಕ ಶೇಂಗಾ ಮುಟ್ಟದ ಮಕ್ಕಳಲ್ಲಿ 13.7% ಅಲರ್ಜಿ, ಮೊದಲಿನಿಂದ ತಿಂದವರಲ್ಲಿ 1.9%. ನನ್ನ ಮಗಳು ಆ ಮಕ್ಕಳ ಹಾಗೇ ಇದ್ದಳು. ಒಂಬತ್ತನೇ ತಿಂಗಳಲ್ಲಿ ಚುಚ್ಚು ಪರೀಕ್ಷೆ ನೆಗೆಟಿವ್ ಬಂದ ಮೇಲೆ ಆಸ್ಪತ್ರೆಯಲ್ಲೇ ಮೊದಲ ತುತ್ತು. ಆಮೇಲೆ ನುಣ್ಣಗೆ ಅರೆದ ಶೇಂಗಾವನ್ನು ರಾಗಿ ಸರಿಯಲ್ಲಿ ಕದಡಿ ವಾರಕ್ಕೆ ಮೂರು ಸಲ ಕೊಟ್ಟೆ. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಡಬಾರದು.

ಹಾಲಿನ ಬದಲಿಗೆ ಮೇಕೆ ಹಾಲು ಕೊಡಿ ಅಂದವರು ತುಂಬ ಜನ. ಎರಡರ ಪ್ರೋಟೀನೂ ಹೆಚ್ಚುಕಡಿಮೆ ಒಂದೇ, ಹಸುವಿನ ಹಾಲು ಆಗದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದೂ ಆಗದು. ಬೀದಿಯಲ್ಲಿ ಬರುವ ಕತ್ತೆ ಹಾಲು ಕಾಯಿಸದ್ದು, ಅದನ್ನೂ ಬೇಡವೆಂದೆ. ಒಂದು ವರ್ಷದವರೆಗೆ ಎದೆಹಾಲು, ಸಾಲದಾದಾಗ ಡಾಕ್ಟರು ಬರೆದ ಹೈಡ್ರೊಲೈಸ್ಡ್ ಫಾರ್ಮುಲಾ, ಅಂದರೆ ಹಾಲಿನ ಪ್ರೋಟೀನನ್ನು ಚೂರುಚೂರು ಮಾಡಿದ ಪುಡಿಹಾಲು. ಬೆಣ್ಣೆದೋಸೆಯ ಊರಲ್ಲಿದ್ದು ನಾನು ಹಾಲು, ಮೊಸರು, ತುಪ್ಪ ಬಿಟ್ಟೆ. ರಾಗಿ, ಎಳ್ಳು, ಕ್ಯಾಲ್ಸಿಯಂ ಮಾತ್ರೆಯಲ್ಲಿ ದಿನ ದೂಡಿದೆ. ಪೊಟ್ಟಣಗಳ ಮೇಲೆ ಅಲರ್ಜಿ ವಸ್ತು ಬರೆದಿರುತ್ತದೆ, ಕೆಸೀನ್, ವೇ ಅಂದರೆ ಹಾಲೇ. ಬೇಕರಿಯ ಬಿಡಿ ತಿಂಡಿಗೆ ಆ ಚೀಟಿ ಇರುವುದಿಲ್ಲ, ಹಾಗಾಗಿ ಬೇಕರಿಯ ಕಡೆ ಹೋಗುವುದಿಲ್ಲ.

ಈಗ ಮಗಳಿಗೆ ಎರಡೂವರೆ. ಕೇಕಿನಲ್ಲಿ ಚೆನ್ನಾಗಿ ಬೆಂದ ಮೊಟ್ಟೆ ಡಾಕ್ಟರ ಎದುರು ತಿಂದು ಅರಗಿಸಿಕೊಂಡಿದ್ದಾಳೆ, ಹಾಲು ಇನ್ನೂ ಆಗುವುದಿಲ್ಲ. ಮೊಣಕಾಲ ಹಿಂದೆ ಚಳಿಗಾಲದಲ್ಲಿ ಇಸುಬು ಮರಳುತ್ತದೆ, ಶನಿವಾರ ಭಾನುವಾರ ಟ್ಯೂಬು ಹಚ್ಚುತ್ತೇವೆ. ಈ ಸಂಕ್ರಾಂತಿಗೆ ಅತ್ತೆ ಎಳ್ಳುಬೆಲ್ಲವನ್ನು ಒರಳಲ್ಲಿ ಕುಟ್ಟಿ ಪುಡಿ ಮಾಡಿ ಅವಳ ಅಂಗೈಗೆ ಹಾಕಿದರು. "ಇದ್ರಾಗೆ ಹಾಲಿಲ್ಲ, ಮೊಟ್ಟೆ ಇಲ್ಲ, ತಿನ್ನು ಕೂಸೆ" ಅಂತ ಅವರೇ ಲೆಕ್ಕ ಹಾಕಿ ಹೇಳಿದರು. ಅವಳು ಅಂಗೈ ನೆಕ್ಕಿ ಇನ್ನೊಂದು ಕೈಯನ್ನೂ ಚಾಚಿದಳು.