ನಾಯಿಯ ಹಿಂಗಾಲು ಸೋತರೆ, ಹೆಸರು ಹೇಳದ ಇಂಜೆಕ್ಷನ್ ಹಾಕಿಸಬೇಡಿ

ಬೆಂಗಳೂರಿನಲ್ಲಿ ನಾಯಿ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿನ್ನೆವರೆಗೂ ಚೆನ್ನಾಗಿ ಓಡಾಡಿಕೊಂಡಿದ್ದ ಎಳೆ ವಯಸ್ಸಿನ ನಾಯಿಗೆ ಹಿಂಗಾಲಿನ ಬಲ ಕಮ್ಮಿಯಾಗಿದೆ ಅಂದುಕೊಳ್ಳಿ. ಕ್ಲಿನಿಕ್ಕಿನವರು ಮುಟ್ಟಿಯೂ ನೋಡದೆ "ವೀಕ್‌ನೆಸ್ ಅಷ್ಟೇ, ಕ್ಯಾಲ್ಸಿಯಂ ಕಮ್ಮಿ" ಅಂತ ಸಿರಿಂಜಿಗೆ ಔಷಧ ಎಳೆದುಕೊಂಡರೆ ಅಲ್ಲೇ ತಡೆಯಿರಿ. ಯಾವ ಔಷಧ ಅಂತ ಕೇಳಿ, ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಮೊದಲು ರಕ್ತ ಪರೀಕ್ಷೆ ಮಾಡಿ ಅನ್ನಿ. ಹೆಸರು ಹೇಳಲಿಲ್ಲ ಅಂದರೆ ನಾಯಿಯನ್ನು ಎತ್ತಿಕೊಂಡು ಹೊರಗೆ ಬನ್ನಿ. ನಮ್ಮ ಚುಕ್ಕಿ ಇದೇ ಕಾರಣಕ್ಕೆ ಸಾವಿನ ಹತ್ತಿರ ಹೋಗಿ ಬಂದಳು.

ಚುಕ್ಕಿ ಇಂಡಿ, ಅಂದರೆ ನಮ್ಮ ನಾಡ ನಾಯಿ. ಒಂದು ವರ್ಷ ತುಂಬಿ ಸ್ವಲ್ಪ ಸಮಯವಾಗಿತ್ತು. ಲಸಿಕೆ ಎಲ್ಲಾ ಸರಿಯಾಗಿ ಆಗಿತ್ತು. ನಾಗರಬಾವಿಯ ನಮ್ಮ ಮನೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವಳು ಒಂದು ಬೆಳಿಗ್ಗೆ ಮೊದಲ ಮೆಟ್ಟಿಲ ಹತ್ತಿರ ನಿಂತು ನನ್ನ ಮುಖ ನೋಡಿದಳು. ಮಲಗಿ ಏಳುವಾಗ ಮುಂಗಾಲಿನಲ್ಲಿ ಮೈಯನ್ನು ಎಳೆದುಕೊಳ್ಳುತ್ತಿದ್ದಳು. ಟೈಲ್ಸ್ ಮೇಲೆ ಹಿಂಗಾಲು ಎರಡೂ ಪಕ್ಕಕ್ಕೆ ಜಾರುತ್ತಿದ್ದವು. ಊಟ ಮಾಡುತ್ತಿದ್ದಳು, ಬಾಲ ಅಲ್ಲಾಡಿಸುತ್ತಿದ್ದಳು. ಬಿದ್ದಿರಲಿಲ್ಲ, ಗಾಡಿ ತಾಗಿರಲಿಲ್ಲ. ಕಾರಣವೇ ಇಲ್ಲದ ಹಾಗೆ ಕಾಣಿಸುತ್ತಿತ್ತು.

ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಇದೇ ಥರ ಮಾಡುವ ಜಾಗಗಳು ಊರಲ್ಲಿ ಇನ್ನೂ ಇವೆ, ಹಾಗಾಗಿ ಒಂದು ಹೆಸರು ತಿಳಿದುಕೊಂಡು ಉಪಯೋಗವಿಲ್ಲ. ಅಲ್ಲಿದ್ದವರು ಮೇಜಿನ ಆ ಕಡೆಯಿಂದಲೇ ನೋಡಿದರು. ಜ್ವರ ನೋಡಲಿಲ್ಲ, ಕಾಲು ಮುಟ್ಟಲಿಲ್ಲ. "ಏನು ಇಂಜೆಕ್ಷನ್ ಸಾರ್?" ಅಂತ ಕೇಳಿದ್ದಕ್ಕೆ "ಶಕ್ತಿಗೆ" ಅಂದರು. ರಕ್ತ ಪರೀಕ್ಷೆ ಬೇಕಾ ಅಂದರೆ "ಸುಮ್ನೆ ದುಡ್ಡು ದಂಡ" ಅಂದರು. ಇಂಜೆಕ್ಷನ್ ಜೊತೆ ಒಂದು ಕ್ಯಾಲ್ಸಿಯಂ ಸಿರಪ್ ಕೊಟ್ಟು ಕಳಿಸಿದರು.

ಮಾರನೇ ದಿನ ಚುಕ್ಕಿ ಓಡಿದಳು! ಮೆಟ್ಟಿಲು ಹತ್ತಿದಳು, ಗೇಟಿನ ಹತ್ತಿರ ಹೋಗಿ ಬೊಗಳಿದಳು. ಮನೆಯವರಿಗೆಲ್ಲ ಹೋದ ಜೀವ ಬಂದ ಹಾಗಾಯಿತು. ಆದರೆ ಇಡೀ ಕಥೆಯಲ್ಲಿ ನಮಗೆ ಜಾಸ್ತಿ ಹಾನಿ ಮಾಡಿದ್ದು ಈ ಚೇತರಿಕೆಯೇ. ಇಂಜೆಕ್ಷನ್ನಿನ ಪ್ರಭಾವ ಇಳಿದ ಕೂಡಲೇ ಕಾಲು ಮೊದಲಿಗಿಂತ ಸೋತಿತು. ಮತ್ತೆ ಅದೇ ಕ್ಲಿನಿಕ್ಕು, ಮತ್ತೆ ಅದೇ ಇಂಜೆಕ್ಷನ್. ಜೊತೆಗೆ ಈ ಸಲ ಕಾಗದದ ಪೊಟ್ಟಣದಲ್ಲಿ ಕೆಲವು ಮಾತ್ರೆ. ಈ ನಡುವೆ ಚುಕ್ಕಿ ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿದ್ದಳು, ಯಾವತ್ತೂ ಇಲ್ಲದವಳು ಮನೆಯೊಳಗೇ ಉಚ್ಚೆ ಮಾಡಿಬಿಡುತ್ತಿದ್ದಳು. ಕೇಳಿದರೆ "ಬೇಸಿಗೆ ಅಲ್ವಾ" ಅನ್ನುವ ಉತ್ತರ ಬಂತು. ಆಮೇಲೆ ಒಂದು ರಾತ್ರಿ ಅವಳ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬಂತು. ಊಟ ಬಿಟ್ಟಳು. ವಸಡು ಬಿಳಿಚಿಕೊಂಡಿತು.

ಬೆಳಕು ಹರಿಯುವ ಮೊದಲೇ ಹೆಬ್ಬಾಳಕ್ಕೆ ಹೊರಟೆವು. ಅಲ್ಲಿನ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಅದರ ಆಸ್ಪತ್ರೆಯಲ್ಲಿ ಹೊರಗಿನವರ ಪ್ರಾಣಿಗಳನ್ನೂ ನೋಡುತ್ತಾರೆ. ಸಾಲು ಇರುತ್ತದೆ, ಕಾಯಬೇಕು. ಆದರೆ ಅಲ್ಲಿ ನಡೆದ ತಪಾಸಣೆಯನ್ನು ವಿವರವಾಗಿಯೇ ಬರೆಯುತ್ತೇನೆ. ಹಿಂಗಾಲು ಸೋತ ನಾಯಿಯನ್ನು ಹೇಗೆ ನೋಡಬೇಕು ಅನ್ನೋದು ನಿಮಗೂ ಗೊತ್ತಿರಲಿ.

ಮೊದಲು ಚುಕ್ಕಿಯನ್ನು ನಡೆಸಿ ನೋಡಿದರು. ಜ್ವರ ಅಳೆದರು. ನಾಯಿಗೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ, ಅವಳಿಗೆ 104ರ ಹತ್ತಿರ ಇತ್ತು. ನಂತರ ಡಾಕ್ಟರು ಅವಳನ್ನು ನಿಲ್ಲಿಸಿ, ಹೊಟ್ಟೆಗೆ ಕೈ ಆಸರೆ ಕೊಟ್ಟು, ಹಿಂಗಾಲಿನ ಪಾದವನ್ನು ಮಗುಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಚುಕ್ಕಿ ಆ ಕ್ಷಣವೇ ಪಾದವನ್ನು ಸರಿಯಾಗಿ ತಿರುಗಿಸಿಕೊಂಡಳು. ಇನ್ನೊಂದು ಕಾಲಿನಲ್ಲೂ ಹಾಗೇ ಮಾಡಿದಳು. ಬೆನ್ನುಹುರಿಗೆ ತೊಂದರೆಯಾಗಿದ್ದರೆ ಪಾದ ಮಗುಚಿದ ಹಾಗೇ ಉಳಿಯುತ್ತದೆ, ಅಥವಾ ತಿರುಗಿಸಿಕೊಳ್ಳಲು ತಡ ಮಾಡುತ್ತದೆ ಅಂದರು. ಆಮೇಲೆ ಬೆನ್ನುಮೂಳೆ, ಸೊಂಟ, ಮಂಡಿ ಒಂದೊಂದಾಗಿ ಒತ್ತಿ, ಮಡಚಿ ನೋಡಿದರು. ಹಿಮ್ಮಡಿಯ ಕೀಲಿಗೆ ಬಂದಾಗ ಅವಳು ನರಳಿ ಡಾಕ್ಟರ ಕೈಯನ್ನು ಬಾಯಲ್ಲಿ ಹಿಡಿದುಕೊಂಡಳು. ಕೀಲು ಊದಿತ್ತು, ಬಿಸಿಯಾಗಿತ್ತು. ಅಂದರೆ ಕಾಲಿನಲ್ಲಿ ಬಲ ಇತ್ತು, ನೋವಿಗೆ ಊರುತ್ತಿರಲಿಲ್ಲ. ಕೊನೆಗೆ ಅವಳನ್ನು ಅಂಗಾತ ಮಲಗಿಸಿ ಹೊಟ್ಟೆಯ ಚರ್ಮ ತೋರಿಸಿದರು. ರೋಮ ಕಮ್ಮಿ ಇರುವ ಕಡೆ ತೀರಾ ಸಣ್ಣ ಕೆಂಪು ಚುಕ್ಕೆಗಳು. ಬೆರಳಿನಿಂದ ಒತ್ತಿದರೂ ಮಾಸುತ್ತಿರಲಿಲ್ಲ. ಚರ್ಮದ ಕೆಳಗೆ ರಕ್ತ ಒಸರಿದ ಗುರುತು ಅದು.

"ಏನೇನು ಔಷಧ ಕೊಟ್ಟಿದ್ದಾರೆ?" ಅಂದರು. ಪೊಟ್ಟಣ ಬಿಚ್ಚಿ ತೋರಿಸಿದೆ. ಸ್ಟ್ರಿಪ್ಪನ್ನು ಹೆಸರು ಕಾಣದ ಹಾಗೆ ಕತ್ತರಿಸಿದ್ದರು. ಒಂದು ತುಂಡಿನ ಅಂಚಿನಲ್ಲಿ ಮಾತ್ರ "ಕ್ಸಿಕ್ಯಾಮ್" ಅನ್ನುವಷ್ಟು ಅಕ್ಷರ ಉಳಿದಿತ್ತು. ಮೆಲಾಕ್ಸಿಕ್ಯಾಮ್, ನೋವಿನ ಮಾತ್ರೆ. ಇಂಜೆಕ್ಷನ್ ಯಾವುದು ಅಂತ ಅಲ್ಲಿಂದಲೇ ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಒತ್ತಾಯ ಮಾಡಿದ ಮೇಲೆ ಅಲ್ಲಿನ ಸಹಾಯಕ ಬಾಯಿಬಿಟ್ಟ: ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್. ಆ ಬಾಯಾರಿಕೆ, ಆ ಉಚ್ಚೆ ಎಲ್ಲಾ ಅದರದ್ದೇ.

ಸ್ಟೀರಾಯ್ಡ್ ಕೆಟ್ಟ ಔಷಧ ಅಂತ ನಾನು ಹೇಳುತ್ತಿಲ್ಲ. ಕೆಲವು ಕಾಯಿಲೆಗೆ ಅದೇ ಬೇಕು. ಆದರೆ ಅದು ಉರಿಯೂತವನ್ನು ಅದುಮುತ್ತದೆ, ಜ್ವರ ಇಳಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಕಾಯಿಲೆ ಯಾವುದೇ ಇರಲಿ, ನಾಯಿ ಎದ್ದು ಓಡಾಡುವ ಹಾಗೆ ಕಾಣುತ್ತದೆ. ಒಳಗೆ ಸೋಂಕು ಇದ್ದರೆ ಅದರ ಜೊತೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಆಮೇಲೆ ಮಾಡುವ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಲೆಕ್ಕವೂ ಏರುಪೇರಾಗುತ್ತದೆ. ಇನ್ನು ಸ್ಟೀರಾಯ್ಡ್ ಮತ್ತು ಮೆಲಾಕ್ಸಿಕ್ಯಾಮ್ ಥರದ ನೋವಿನ ಮಾತ್ರೆ ಎರಡನ್ನೂ ಒಟ್ಟಿಗೆ ನಾಯಿಗೆ ಕೊಡಲೇಬಾರದು. ಹೊಟ್ಟೆ ಮತ್ತು ಕರುಳಿನಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ತೂತು ಬೀಳುವುದೂ ಉಂಟು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗಲೂ ನಡುವೆ ಕೆಲವು ದಿನ ಬಿಡಬೇಕು. ಕಪ್ಪು ಮಲಕ್ಕೆ ಇದೇ ಕಾರಣ.

ರಕ್ತದ ವರದಿ ಬಂತು. ನಾಯಿಯ ಪ್ಲೇಟ್‌ಲೆಟ್ ಸಾಮಾನ್ಯವಾಗಿ 2 ಲಕ್ಷದಿಂದ 5 ಲಕ್ಷದ ನಡುವೆ ಇರುತ್ತದೆ. ಚುಕ್ಕಿಯದು 50 ಸಾವಿರಕ್ಕಿಂತ ಕೆಳಗೆ ಹೋಗಿತ್ತು. ಪಿಸಿಆರ್ ಪರೀಕ್ಷೆಯಲ್ಲಿ ಎರ್ಲಿಕಿಯಾ ಸಿಕ್ಕಿತು. ನಮ್ಮ ಊರಲ್ಲಿ ಎಲ್ಲರೂ ಟಿಕ್ ಫೀವರ್ ಅನ್ನುವ ಕಾಯಿಲೆ. ಕಂದು ಬಣ್ಣದ ಉಣ್ಣೆ ಹುಳ (ಟಿಕ್) ಕಚ್ಚಿ ಬರುವ ಬ್ಯಾಕ್ಟೀರಿಯಾ ಇದು. ಕೆಲವು ನಾಯಿಗಳಲ್ಲಿ ಕೀಲು ಊದಿಸುತ್ತದೆ, ಹಿಂಗಾಲು ಸೋತ ಹಾಗೆ ಕಾಣಿಸುತ್ತದೆ. ಬರೀ ರಕ್ತದ ಸ್ಲೈಡ್ ನೋಡಿ "ಏನೂ ಇಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ, ಸ್ಲೈಡಿನಲ್ಲಿ ಈ ಬ್ಯಾಕ್ಟೀರಿಯಾ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಕಿಟ್ ಪರೀಕ್ಷೆ ಪಾಸಿಟಿವ್ ಬಂದರೂ ಅದು ಹಳೆಯ ಸೋಂಕಿನ ಗುರುತಾಗಿರಬಹುದು. ಪ್ಲೇಟ್‌ಲೆಟ್, ಲಕ್ಷಣ ಎಲ್ಲವನ್ನೂ ಸೇರಿಸಿ ನೋಡಬೇಕು.

ಸ್ಟೀರಾಯ್ಡೂ ನಿಂತಿತು, ನೋವಿನ ಮಾತ್ರೆಯೂ ನಿಂತಿತು. ಹೊಟ್ಟೆಯ ಹುಣ್ಣಿಗೆ ಔಷಧ, ಡ್ರಿಪ್ಸ್, ಮತ್ತು 28 ದಿನ ಡಾಕ್ಸಿಸೈಕ್ಲಿನ್. ಈ ಮಾತ್ರೆಯನ್ನು ಬರೀ ಬಾಯಿಗೆ ಹಾಕಬೇಡಿ. ಗಂಟಲಲ್ಲಿ ಅಂಟಿಕೊಂಡರೆ ಅನ್ನನಾಳ ಸುಡುತ್ತದೆ. ಊಟದ ಜೊತೆ ಕೊಡಿ, ಹಿಂದೆಯೇ ನೀರು ಕುಡಿಸಿ. ನಾಯಿ ಚೆನ್ನಾಗಾಯಿತು ಅಂತ ನಡುವೆ ನಿಲ್ಲಿಸಲೂ ಬೇಡಿ.

ಉಣ್ಣೆ ನಾಯಿಯ ಮೈಮೇಲೆ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಹೆಣ್ಣು ಉಣ್ಣೆ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹವೆ ಅದಕ್ಕೆ ವರ್ಷವಿಡೀ ಒಗ್ಗುತ್ತದೆ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ದಿನಾ ನೋಡಿ. ನೆಕ್ಸ್‌ಗಾರ್ಡ್, ಬ್ರಾವೆಕ್ಟೋ ಥರದ ಮಾತ್ರೆಗಳಲ್ಲಿ ನಿಮ್ಮ ನಾಯಿಗೆ ಯಾವುದು ಸರಿ ಅಂತ ಡಾಕ್ಟರನ್ನು ಕೇಳಿ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಮೊದಲೇ ಹೇಳಿ.

ನಮ್ಮದು ಟಿಕ್ ಫೀವರ್ ಆಗಿತ್ತು. ನಿಮ್ಮ ನಾಯಿಗೆ ಬೇರೆ ಏನೋ ಇರಬಹುದು. ಕೆಲವು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳಲ್ಲಿ ಸೊಂಟದ ಕೀಲೇ ಸಡಿಲವಾಗಿರುತ್ತದೆ, ಹಿಂಗಾಲು ಎರಡನ್ನೂ ಜೋಡಿಸಿಕೊಂಡು ಕುಪ್ಪಳಿಸುತ್ತವೆ. ಅದು ಎಕ್ಸ್‌ರೇಯಲ್ಲಿ ತಿಳಿಯುತ್ತದೆ. ಮಾರುವವರು ಕೊಡುವ ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ವಂಶಾವಳಿ ಮಾತ್ರ ಹೇಳುತ್ತದೆ, ಸೊಂಟ ಚೆನ್ನಾಗಿದೆ ಅಂತ ಹೇಳುವುದಿಲ್ಲ. ಬರೀ ಚಿಕನ್ ತಿನ್ನಿಸಿ ಬೆಳೆಸಿದ ಮರಿಗೆ ನಿಜಕ್ಕೂ ಕ್ಯಾಲ್ಸಿಯಂ ಕಮ್ಮಿಯಾಗಿ ಮೂಳೆ ತೆಳ್ಳಗಾಗಬಹುದು. ಆದರೆ ಒಳ್ಳೆಯ ನಾಯಿ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಮೇಲಿಂದ ಸಿರಪ್ ಸುರಿದರೆ ಮೂಳೆ ಕೆಡುತ್ತದೆ, ಎಳೆ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯಲು ಬರುವುದಿಲ್ಲ. ಲಸಿಕೆ ಆಗದ ನಾಯಿಯ ಕಾಲು ಸೋತು ಮೈ ಅದುರುತ್ತಿದ್ದರೆ ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಇರಬಹುದು. ರೇಬೀಸ್ ಕೂಡ ಹಿಂಗಾಲಿನಿಂದ ಶುರುವಾಗಬಹುದು. ಲಸಿಕೆ ಇತಿಹಾಸ ಗೊತ್ತಿಲ್ಲದ ಬೀದಿ ನಾಯಿಗೆ ಬಾಯಿಗೆ ಕೈ ಹಾಕಿ ಮಾತ್ರೆ ತಿನ್ನಿಸಲು ಹೋಗಬೇಡಿ, ದಯವಿಟ್ಟು.

ಕಾಲು ಪೂರ್ತಿ ಎಳೆಯುತ್ತಿದ್ದರೆ, ಉಚ್ಚೆ ನಿಂತಿದ್ದರೆ, ಬೆರಳನ್ನು ಗಟ್ಟಿಯಾಗಿ ಚಿವುಟಿದರೂ ತಿರುಗಿ ನೋಡದಿದ್ದರೆ ನಾಳೆಗೆ ಮುಂದೂಡಬೇಡಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿದ್ದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿರುವ ಕ್ರೋಸಿನ್, ಬ್ರುಫೆನ್ ಕೊಡಲೇಬೇಡಿ. ಕರೆದುಕೊಂಡು ಹೋಗುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗವನ್ನು ಎತ್ತಿ ಹಿಡಿಯಿರಿ, ಬಿದ್ದು ಪೆಟ್ಟಾಗಿದ್ದರೆ ಹಲಗೆಯ ಮೇಲೆ ಮಲಗಿಸಿ. ಮನೆಯ ಟೈಲ್ಸ್ ಮೇಲೆ ಹಳೆಯ ಯೋಗ ಮ್ಯಾಟ್ ಹಾಸಿ.

ಇನ್ನೊಂದು ವಿಷಯ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ನೋಂದಣಿ ಇರುವ ಪಶುವೈದ್ಯರು ಮಾತ್ರ ಚಿಕಿತ್ಸೆ ನಡೆಸಬೇಕು. ಚೀಟಿಯಲ್ಲಿ ನೋಂದಣಿ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ದೂರು ಕೊಡಬೇಕಾದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ಇದೆ, ಆದರೆ ಕೈಯಲ್ಲಿ ಚೀಟಿ ಇಲ್ಲದೆ ಏನನ್ನೂ ತೋರಿಸಲು ಆಗುವುದಿಲ್ಲ. ಚುಕ್ಕಿಯ ಪ್ಲೇಟ್‌ಲೆಟ್ ಈಗ ಸರಿಯಾಗಿದೆ. ಹೆಬ್ಬಾಳದ ಫೈಲಿನಲ್ಲಿ ಅವಳಿಗೆ ಕೊಟ್ಟ ಪ್ರತಿ ಔಷಧದ ಹೆಸರೂ, ಪ್ರಮಾಣವೂ ಇದೆ. ಮೊದಲ ಕ್ಲಿನಿಕ್ಕಿನಿಂದ ನಮ್ಮ ಹತ್ತಿರ ಇರುವುದು ಕತ್ತರಿಸಿದ ಆ ಸ್ಟ್ರಿಪ್ಪಿನ ತುಂಡು ಮಾತ್ರ.