ಅಮ್ಮನ ಚಿತ್ತಾರ ಮಿಲಾನ್‌ಗೆ ಹೋಗಿ ಬಂತು: ಪ್ಯಾಕಿಂಗ್‌ನವರಿಗೆ ಐದಕ್ಕೆ ಮೂರು

ಪೆಟ್ಟಿಗೆಗೆ ಐದಕ್ಕೆ ಐದು. ಕಾಗದಪತ್ರಕ್ಕೆ ನಾಲ್ಕು. ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೆ ಸೊನ್ನೆ. ಕೂಡಿಸಿ ಭಾಗಿಸಿದರೆ ಮೂರು.

ಕಂಪನಿಯ ಹೆಸರು ಹಾಕುತ್ತಿಲ್ಲ. ಬೆಂಗಳೂರಿನವರು, ಕಲಾಕೃತಿ ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸಿಕೊಡುವವರು. ಅವರ ಜೊತೆ ಲೆಕ್ಕ ಮುಗಿದಿದೆ, ಮತ್ತೆ ಜಗಳ ಬೇಡ. ಅಪ್ಪನದೋ ಅಮ್ಮನದೋ ಕೆಲಸ ಹೊತ್ತುಕೊಂಡು ನನ್ನ ಹಾಗೆ ಹೊರಟವರಿಗೆ ಏನು ಕೇಳಬೇಕು ಅಂತ ಗೊತ್ತಿರಲಿ, ಅಷ್ಟೇ.

ನಮ್ಮದು ಸಾಗರ ತಾಲ್ಲೂಕು, ದೀವರ ಸಮುದಾಯದ ಮನೆ. ಅಮ್ಮ ಹಸೆ ಗೋಡೆ ಚಿತ್ತಾರ ಬರೆಯುತ್ತಾಳೆ. ಹಿಂದೆಲ್ಲ ಮದುವೆ ಮನೆಯ ಗೋಡೆಗೆ ಮಾತ್ರ, ಈಗ ಬಟ್ಟೆ ಮತ್ತು ಹಲಗೆ ಮೇಲೂ. ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ, ಕರಕಾಗಿ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಬ್ರಷ್ ಅಂದರೆ ಪುಂಡಿ ನಾರು. ಹೋದ ಡಿಸೆಂಬರ್‌ನಲ್ಲಿ ಮಿಲಾನ್‌ನ ಆರ್ತಿಜಾನೊ ಇನ್ ಫಿಯೆರಾ ಮೇಳದಲ್ಲಿ ಒಂದು ಗುಂಪಿನವರ ಮಳಿಗೆಯಲ್ಲಿ ನಮಗೂ ಒಂದು ಮೂಲೆ ಸಿಕ್ಕಿತು. ಅಮ್ಮನಿಗೆ ಮಂಡಿನೋವು. "ಆ ಚಳಿಗೆ ನಾ ಎಂತಕ್ಕೆ ಮಾರಾಯ್ತಿ, ನೀನೇ ಹೋಗು" ಅಂದಳು. ನನಗೆ ಒಂದು ಎಳೆ ನೆಟ್ಟಗೆ ಎಳೆಯಲು ಬರುವುದಿಲ್ಲ. ಆದರೂ ಹೊರಟೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮನೆಗೆ ಬಂದ ಅವರ ಹುಡುಗ ಬಲು ಚುರುಕು. ಬೂಮಣ್ಣಿ ಬುಟ್ಟಿ ನೋಡಿದವನೇ "ಇದಕ್ಕೆ ಏನು ಬಳಿದಿದ್ದೀರಿ?" ಅಂದ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಎಡೆ ಒಯ್ಯುವ ಬುಟ್ಟಿ ಅದು. ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ. ಸೆಗಣಿ ಅಂದ ಕೂಡಲೇ ಅವನು ಕೈಮುಗಿದ. ಯುರೋಪಿನ ಕಸ್ಟಮ್ಸ್‌ನಲ್ಲಿ ಅದರಿಂದಲೇ ಎಲ್ಲ ಸಾಮಾನೂ ನಿಲ್ಲಬಹುದು, ಬಿಟ್ಟುಹೋಗಿ ಅಂದ. ಅಮ್ಮನಿಗೆ ಸಿಟ್ಟು ಬಂತು. ನಾನು ಮಾತ್ರ ಮನಸ್ಸಲ್ಲೇ ಅವನಿಗೆ ಒಂದು ನಮಸ್ಕಾರ ಹಾಕಿದೆ.

ದೊಡ್ಡ ಹಲಗೆಯೊಂದಿತ್ತು, ಅಮ್ಮ ಮಾರುವುದಿಲ್ಲ ಅಂದಿದ್ದಳು. ಅದಕ್ಕೆ ಎಟಿಎ ಕಾರ್ನೆ ಮಾಡಿಸಿದರು. ಪ್ರದರ್ಶನಕ್ಕೆ ಒಯ್ದು ವಾಪಸ್ ತರುವ ಸಾಮಾನಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ನಮ್ಮ ದೇಶದಲ್ಲಿ ಫಿಕ್ಕಿ ಅನ್ನುವ ವಾಣಿಜ್ಯ ಒಕ್ಕೂಟ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಹೊರಡುವಾಗ, ಅಲ್ಲಿ ಇಳಿದಾಗ, ಅಲ್ಲಿಂದ ಬಿಡುವಾಗ, ಇಲ್ಲಿಗೆ ಬಂದಾಗ, ಹೀಗೆ ನಾಲ್ಕು ಕಡೆ ಕಸ್ಟಮ್ಸ್ ಸೀಲು ಬೀಳಬೇಕು. ಒಂದು ತಪ್ಪಿದರೂ ಕಟ್ಟಿದ ಠೇವಣಿಗೆ ಕುತ್ತು. ಯಾವ ಹಾಳೆಗೆ ಎಲ್ಲಿ ಸೀಲು ಅಂತ ಚೀಟಿ ಅಂಟಿಸಿ ಕೊಟ್ಟಿದ್ದರು. ಮಾರುವ ಚಿತ್ರಗಳಿಗೆ ಕಾರ್ನೆ ನಡೆಯುವುದಿಲ್ಲ, ಅವಕ್ಕೆ ಬೇರೆ ಇನ್‌ವಾಯ್ಸ್.

ಪೆಟ್ಟಿಗೆಯಂತೂ ಕಣ್ಣಿಗೆ ಹಬ್ಬ. ಪೈನ್ ಮರ, ಒಳಗೆ ಫೋಮ್, ಮೊಳೆ ಬದಲು ಸ್ಕ್ರೂ. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಗೆ ಹುಳ ಸಾಯಲಿ ಅಂತ ಮರದ ಒಳಗಿನವರೆಗೂ 56 ಡಿಗ್ರಿ ಶಾಖ 30 ನಿಮಿಷ ಕೊಟ್ಟಿರಬೇಕು. ಕೊಟ್ಟಿದ್ದಕ್ಕೆ ಗುರುತಾಗಿ ತೆನೆಯ ಚಿತ್ರವಿರುವ ಮುದ್ರೆ ಒತ್ತುತ್ತಾರೆ. ನಮ್ಮದರ ಮೇಲೆ ಎರಡು ಕಡೆ ಇತ್ತು.

ಇನ್ನು ಸೊನ್ನೆಯ ಕಥೆ. ಬಟ್ಟೆ ಮೇಲಿನ ಚಿತ್ರ ಸುತ್ತಬೇಡಿ, ಮಣ್ಣಿನ ಬಣ್ಣ ಬಿರಿಯುತ್ತದೆ ಅಂತ ಅಮ್ಮ ಎರಡು ಸಲ ಹೇಳಿದ್ದಳು. ಮನೆಗೆ ಬಂದ ಹುಡುಗ ತಲೆಯಾಡಿಸಿದ್ದ. ಗೋಡೌನಿನಲ್ಲಿ ಕೆಲಸ ಮಾಡಿದವರು ಬೇರೆ. ಮಿಲಾನ್‌ನಲ್ಲಿ ತೆರೆದರೆ ಎರಡು ಚಿತ್ರ ಕೊಳವೆಯೊಳಗೆ! ಬಿಡಿಸಿದಾಗ ಬಿಳಿ ಎಳೆಗಳು ಪುಡಿಯಾಗಿ ಉದುರಿದವು.

ಪರಿಹಾರ ಕೇಳಿದಾಗ ಅಸಲಿ ವಿಷಯ ಹೊರಬಂತು. ತಲಾ 12,000 ರೂಪಾಯಿಯ ಚಿತ್ರಕ್ಕೆ ಇನ್‌ವಾಯ್ಸ್‌ನಲ್ಲಿ 3,000 ಬರೆಸಿದ್ದರು. "ಕಡಿಮೆ ಬರೆದರೆ ಡ್ಯೂಟಿ ಉಳಿಯುತ್ತೆ ಮೇಡಂ." ನಾನೂ ಸಹಿ ಹಾಕಿದ್ದೆ, ನನ್ನದೂ ತಪ್ಪೇ. ವಿಮೆ ಬಂದಿದ್ದು ಎರಡಕ್ಕೂ ಸೇರಿ 6,000. ಆಮೇಲೆ ತಿಳಿಯಿತು, ಪೂರ್ತಿ ಕೈಯಲ್ಲೇ ಬರೆದ ಚಿತ್ರಗಳು ಕಸ್ಟಮ್ಸ್ ಪಟ್ಟಿಯ 9701 ಅನ್ನುವ ಕೋಡ್‌ಗೆ ಸೇರುತ್ತವೆ, ಯುರೋಪಿನಲ್ಲಿ ಅವಕ್ಕೆ ಕಸ್ಟಮ್ಸ್ ಡ್ಯೂಟಿಯೇ ಇಲ್ಲ, ವ್ಯಾಟ್ ಮಾತ್ರ. ಇದು ದಿನಾ ಇದೇ ಕೆಲಸ ಮಾಡುವವರಿಗೆ ಗೊತ್ತಿರಬೇಕಿತ್ತು ಅಲ್ವಾ?

ಇನ್ನೊಂದು ತಪ್ಪಿಗೆ ರೂಪಾಯಿ ಲೆಕ್ಕ ಇಲ್ಲ. ಅವರು ಮಾಡಿದ ಪಟ್ಟಿಯಲ್ಲಿ ಕಲಾವಿದರು ಅನ್ನುವ ಜಾಗದಲ್ಲಿ ನನ್ನ ಹೆಸರಿತ್ತು. ಅದನ್ನೇ ನೋಡಿ ಮಳಿಗೆಯ ಬೋರ್ಡೂ ಅಚ್ಚಾಗಿತ್ತು. ಮೊದಲ ದಿನ ಬಂದವರೆಲ್ಲ ನನ್ನ ಕೈ ನೋಡಿ "ಲಿ ಫಾ ಲೇಯಿ?" ಅನ್ನುವರು, ನೀವೇ ಮಾಡುವುದಾ ಅಂತ. "ಮಿಯಾ ಮಾದ್ರೆ", ನನ್ನ ಅಮ್ಮ, ಅನ್ನುವುದೊಂದನ್ನು ಕಲಿತುಕೊಂಡೆ. ಸಂಜೆ ಸ್ಕೆಚ್ ಪೆನ್ನಿನಲ್ಲಿ ನನ್ನ ಹೆಸರು ಹೊಡೆದು ಅಮ್ಮನದು ಬರೆದೆ.

ಮೇಳ ಮಾತ್ರ ಬಹಳ ಚೆಂದ. ಕೆಂಪು ಮೆಟ್ರೊದ ಕೊನೆಯ ಸ್ಟೇಷನ್ ರೋ ಫಿಯೆರಾದಲ್ಲಿ ಇಳಿದರೆ ಅಲೆಯ ಹಾಗೆ ಬಾಗಿದ ಉದ್ದನೆ ಗಾಜಿನ ಸೂರು, ಫುಕ್ಸಾಸ್ ಅನ್ನುವ ವಾಸ್ತುಶಿಲ್ಪಿಯದು. ಒಂಬತ್ತು ದಿನ ಜಾತ್ರೆಯೇ ಸರಿ. ವೆರ್ಚೆಲ್ಲಿಯ ಕಡೆಯ ಅಜ್ಜಿಯೊಬ್ಬರು ಬಿಳಿ ಬಣ್ಣ ಯಾವುದು ಅಂದರು. ಅಕ್ಕಿ ಅಂದೆ. ಅದು ಅವರ ಭತ್ತದ ಸೀಮೆ. "ರೀಸೊ!" ಅಂತ ಗಂಡನನ್ನು ಕೂಗಿ ಕರೆದು ತೋರಿಸಿದರು. ಕಪ್ಪೂ ಅಕ್ಕಿಯದೇ ಅಂದಾಗ ಗಂಡ ಜೇಬಿನಿಂದ ಕನ್ನಡಕ ತೆಗೆದರು.

ಒಟ್ಟು ಬಿಲ್ಲು 38,400 ರೂಪಾಯಿ, ಠೇವಣಿ ಬಿಟ್ಟು. ಜಾಸ್ತಿಯೇ. ಇನ್ನೊಮ್ಮೆ ಹೋದರೆ ಪೆಟ್ಟಿಗೆ, ಕಾರ್ನೆ ಇವರಿಂದಲೇ ಮಾಡಿಸುತ್ತೇನೆ. ಆದರೆ ಸಾಮಾನು ತುಂಬುವಾಗ ನಾನೇ ಗೋಡೌನಿನಲ್ಲಿ ನಿಂತಿರುತ್ತೇನೆ. ಬೆಲೆ ಇದ್ದಷ್ಟೇ ಬರೆಸುತ್ತೇನೆ.

ಬಿರಿದ ಚಿತ್ರಗಳು ಮನೆಗೆ ವಾಪಸ್ ಬಂದವು. ಅಮ್ಮ ಏನೂ ಅನ್ನದೆ ಅಕ್ಕಿ ನೆನೆಹಾಕಿದಳು. ಸಂಜೆಯೊಳಗೆ ಎಳೆಗಳು ಮೊದಲಿನ ಹಾಗಾದವು. ಆಮೇಲೆ ಪೆಟ್ಟಿಗೆಯ ಸುತ್ತ ಒಂದು ಸಲ ಓಡಾಡಿ, ಮರ ಮುಟ್ಟಿ ನೋಡಿ, ಕೊಟ್ಟಿಗೆಗೆ ಸಾಗಿಸಿದಳು. ಈಗ ಅದರಲ್ಲಿ ಕೋಳಿ ಕಾವಿಗೆ ಕೂತಿದೆ.