ರಟ್ಟಿನ ಅಚ್ಚು, ಪ್ಲಾಸ್ಟಿಕ್ ಅಚ್ಚು: ಕೌದಿಯ ತುಂಡುಗಳಿಗೆ ಯಾವುದು ಸರಿ?

ತುಂಡುಬಟ್ಟೆಗಳ ಕೌದಿಯಲ್ಲಿ ಒಂದೇ ಆಕಾರದ ನೂರಾರು ತುಂಡುಗಳು ಬೇಕಾಗುತ್ತವೆ. ಅವು ಒಂದರ ಪಕ್ಕದಲ್ಲಿ ಒಂದು ಸರಿಯಾಗಿ ಕೂರಬೇಕಾದರೆ ಬಟ್ಟೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವ ಅಚ್ಚು ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಉಳಿಯಬೇಕು. ಇದನ್ನು ಪರೀಕ್ಷಿಸಲು ಹೊಲಿದ ಮೇಲೆ 3 ಇಂಚು ಉಳಿಯುವ ಚೌಕ ಮತ್ತು ಅದರ ಅರ್ಧದಷ್ಟಿರುವ ತ್ರಿಕೋನ, ಈ ಎರಡೇ ಆಕಾರಗಳ ವಿನ್ಯಾಸವೊಂದನ್ನು ಆರಿಸಿ, ಅದನ್ನು ರಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮತ್ತು ದಪ್ಪ ಅಕ್ರಿಲಿಕ್ ಅಚ್ಚುಗಳಿಂದ ಬೇರೆ ಬೇರೆಯಾಗಿ ಕತ್ತರಿಸಿ ಹೊಲಿದು ನೋಡಿದೆ.

ರಟ್ಟು ಸುಲಭವಾಗಿ ಸಿಗುತ್ತದೆ, ಮನೆಯ ಕತ್ತರಿಗೂ ಬಗ್ಗುತ್ತದೆ. ಆದರೆ ಪೆನ್ಸಿಲ್ ಪ್ರತಿ ಸಲವೂ ಅದರ ಅಂಚನ್ನು ಉಜ್ಜಿಕೊಂಡೇ ಹೋಗುವುದರಿಂದ ಮೊದಲು ಸವೆಯುವುದು ಮೂಲೆಗಳು. ಮೂವತ್ತು ನಲವತ್ತು ತುಂಡುಗಳಾಗುವ ಹೊತ್ತಿಗೆ ನನ್ನ ತ್ರಿಕೋನದ ಚೂಪು ತುದಿ ಮೊಂಡಾಗಿತ್ತು. ಒಂದೊಂದು ತುಂಡಿನಲ್ಲಿ ಕೇವಲ 1 ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಎಂಟು ತುಂಡುಗಳ ಸಾಲಿನಲ್ಲಿ ಅದು 8 ಮಿಲಿಮೀಟರ್ ಆಗುತ್ತದೆ, ಅಂದರೆ ಕಾಲು ಇಂಚಿಗಿಂತಲೂ ಹೆಚ್ಚು, ಮತ್ತು ಅದು ಕಣ್ಣಿಗೆ ಬೀಳುವುದು ಸಾಲುಗಳನ್ನು ಜೋಡಿಸಲು ಕೂತಾಗಲೇ. ಒಂದೇ ಆಕಾರಕ್ಕೆ ನಾಲ್ಕೈದು ರಟ್ಟುಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡು ಸವೆದದ್ದನ್ನು ಎಸೆಯುತ್ತಾ ಹೋದರೆ ತೊಂದರೆ ಕಡಿಮೆಯಾಗುತ್ತದೆ. ಆದರೆ ಹೊಸದನ್ನು ಸವೆದ ಅಚ್ಚಿನಿಂದಲ್ಲ, ಮೂಲ ಚಿತ್ರದಿಂದಲೇ ಗುರುತಿಸಬೇಕು.

ಪ್ಲಾಸ್ಟಿಕ್ ಹಾಳೆಯ ಅಂಚು ಅಷ್ಟು ಬೇಗ ಸವೆಯುವುದಿಲ್ಲ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಅದರ ಮೂಲಕ ಬಟ್ಟೆ ಕಾಣುತ್ತದೆ: ಹೂವೊಂದನ್ನು ಚೌಕದ ನಡುವಿಗೆ ತರುವುದು, ಎಳೆಯ ದಿಕ್ಕನ್ನು ಅಚ್ಚಿನ ಮೇಲೆ ಬರೆದ ಬಾಣಕ್ಕೆ ಹೊಂದಿಸುವುದು, ಎರಡೂ ಸಲೀಸು. ಹೊಲಿಗೆಯ ಗೆರೆಗಳು ಕೂಡುವ ಮೂಲೆಗಳಲ್ಲಿ ಸಣ್ಣ ತೂತು ಕೊರೆದು, ಅಲ್ಲಿಂದ ಪೆನ್ಸಿಲ್ ಚುಕ್ಕೆ ಇಟ್ಟರೆ ಎರಡು ತುಂಡುಗಳನ್ನು ಗುಂಡುಸೂಜಿಯಿಂದ ಹೊಂದಿಸುವಾಗ ಊಹೆಗೆ ಜಾಗವೇ ಇರುವುದಿಲ್ಲ. ಇದರ ದೋಷವೆಂದರೆ ನುಣುಪು: ಗೆರೆ ಎಳೆಯುತ್ತಿರುವಾಗಲೇ ಅಚ್ಚು ಬಟ್ಟೆಯ ಮೇಲೆ ಜಾರುತ್ತದೆ. ಹಿಂಬದಿಗೆ ಮರಳು ಕಾಗದದ ಚೂರುಗಳನ್ನು ಅಂಟಿಸಿದ ಮೇಲೆ ಆ ತೊಂದರೆ ನಿಂತಿತು.

ಅಕ್ರಿಲಿಕ್‌ನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಉರುಳು ಬ್ಲೇಡಿನ ಕಟ್ಟರ್ ಬಳಸುವವರಿಗೆ ಅದೇ ಸರಿ, ಏಕೆಂದರೆ ಆ ಬ್ಲೇಡು ತೆಳು ಪ್ಲಾಸ್ಟಿಕ್ಕಿನ ಅಂಚನ್ನು ಕೆತ್ತಿಹಾಕುತ್ತದೆ. ಕೆತ್ತಿದ ಅಚ್ಚು ಸವೆದ ರಟ್ಟಿಗಿಂತ ಮೇಲೇನೂ ಅಲ್ಲ.

ವಸ್ತು ಯಾವುದೇ ಇರಲಿ, ಹೊಲಿಗೆಯ ಅಂಚನ್ನು, ಅಂದರೆ ಹೊಲಿಗೆಯ ಗೆರೆಯಾಚೆ ಬಿಡುವ ಬಟ್ಟೆಯನ್ನು, ಅಚ್ಚಿನಲ್ಲೇ ಸೇರಿಸಬೇಕೇ ಎಂಬ ಪ್ರಶ್ನೆ ಫಲಿತಾಂಶವನ್ನು ಇನ್ನೂ ಹೆಚ್ಚು ಬದಲಿಸಿತು. ಕೈಹೊಲಿಗೆಯಲ್ಲಿ ಸೂಜಿ ಹೋಗುವುದು ಎಳೆದ ಗೆರೆಯ ಮೇಲೆಯೇ ಆದ್ದರಿಂದ ಅಚ್ಚು ಸರಿಯಾಗಿ 3 ಇಂಚು ಇದ್ದು, ಸುತ್ತಲಿನ ಕಾಲು ಇಂಚನ್ನು ಅಂದಾಜಿನಲ್ಲಿ ಬಿಟ್ಟು ಕತ್ತರಿಸಿದರೂ ನಡೆಯಿತು. ಯಂತ್ರದಲ್ಲಿ ಬಟ್ಟೆಯ ಅಂಚೇ ದಾರಿ ತೋರಿಸುವುದರಿಂದ ಕಾಲು ಇಂಚು ಅಚ್ಚಿನೊಳಗೇ ಇರಬೇಕು. ಆಗ ಚೌಕದ ಬದಿ 3 1/2 ಇಂಚು. ತ್ರಿಕೋನಕ್ಕೂ ಅದೇ ಲೆಕ್ಕ ಹಾಕಿ ನಾನು ಒಂದು ಇಡೀ ಕಂತೆಯನ್ನು ಹಾಳುಮಾಡಿದೆ: ಓರೆ ಬದಿಗೂ ಹೊಲಿಗೆಯ ಅಂಚು ಬೇಕಿರುವುದರಿಂದ ಅದರ ನೇರ ಬದಿಗಳು 3 7/8 ಇಂಚು ಇರಬೇಕು.

ಈಗ ನಾನು ಹೆಚ್ಚಾಗಿ ಪ್ಲಾಸ್ಟಿಕ್ಕನ್ನೇ ಬಳಸುತ್ತೇನೆ. ಆದರೆ ದುಂಡು ತುಂಡುಗಳಿಗೆ ಮಾತ್ರ ರಟ್ಟನ್ನು ಬಿಟ್ಟಿಲ್ಲ: ಬಟ್ಟೆಯ ಅಂಚಿಗೆ ಸುತ್ತಲೂ ಎಳೆಹೊಲಿಗೆ ಹಾಕಿ, ರಟ್ಟನ್ನು ಒಳಗಿಟ್ಟು ದಾರವನ್ನು ಬಿಗಿದು, ಅದರ ಮೇಲೆಯೇ ಇಸ್ತ್ರಿ ಮಾಡಿದರೆ ಅಂಚು ಒಂದೂ ಸುಕ್ಕಿಲ್ಲದೆ ಮಡಚಿಕೊಳ್ಳುತ್ತದೆ. ಅಲ್ಲಿ ಪ್ಲಾಸ್ಟಿಕ್ ಹಾಳೆಯನ್ನಿಟ್ಟರೆ ಅದು ಬಿಸಿಗೆ ಮುರುಟಿಕೊಳ್ಳುತ್ತದೆ.